ಸುಸ್ತು ಬೇರೆ, ಸೋಲು ಬೇರೆ: ರೋಗಿಯನ್ನು ಮೊದಲು ನೋಡುವ ಡಾಕ್ಟರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಡಾಕ್ಟರೇ,

ದಿನಕ್ಕೆ ಎಷ್ಟೋ ಜನ ನಿಮ್ಮ ಮುಂದೆ ಕೂತು "ಸುಸ್ತು ಡಾಕ್ಟರೇ" ಅನ್ನುತ್ತಾರೆ. ಕೆಲವರಿಗೆ ರಕ್ತ ಕಡಿಮೆ ಇರುತ್ತೆ, ಕೆಲವರಿಗೆ ಥೈರಾಯ್ಡ್, ಕೆಲವರಿಗೆ ಸಕ್ಕರೆ. ಇನ್ನು ಕೆಲವರಿಗೆ ನಿದ್ದೆಯಿಲ್ಲ, ನೆಮ್ಮದಿಯಿಲ್ಲ. ಅವರ ನಡುವೆ ಅಪರೂಪಕ್ಕೆ ನನ್ನಂಥವರು ಒಬ್ಬರು ಬರುತ್ತಾರೆ. ನಾವೂ "ಸುಸ್ತು" ಅಂತಲೇ ಹೇಳುತ್ತೇವೆ, ಯಾಕಂದರೆ ನಮಗೆ ಬೇರೆ ಪದ ಗೊತ್ತಿರುವುದಿಲ್ಲ. ಆದರೆ ನಮಗಾಗುವುದು ಸುಸ್ತಲ್ಲ. ಕೆಲಸ ಮಾಡುತ್ತಾ ಮಾಡುತ್ತಾ ನಮ್ಮ ಸ್ನಾಯು ಸೋಲುತ್ತೆ. ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ಮತ್ತೆ ಏಳುತ್ತೆ. ಮತ್ತೆ ಕೆಲಸ ಕೊಟ್ಟರೆ ಮತ್ತೆ ಸೋಲುತ್ತೆ. ಈ ಒಂದು ವ್ಯತ್ಯಾಸವನ್ನು ನಿಮ್ಮ ಕಿವಿಗೆ ಹಾಕೋಣ ಅಂತ ಈ ಪತ್ರ ಬರೆಯುತ್ತಿದ್ದೇನೆ.

ನನಗಿರುವ ಕಾಯಿಲೆಯ ಹೆಸರು ಮಯಸ್ತೇನಿಯಾ ಗ್ರೇವಿಸ್. ಆ ಹೆಸರು ನನ್ನ ಕಿವಿಗೆ ಬೀಳಲು 14 ತಿಂಗಳು ಬೇಕಾಯಿತು.

ಪಾಠ ಹೇಳುವುದು ನನ್ನ ಕೆಲಸ. ಬೆಳಗಿನ ಮೊದಲ ಪೀರಿಯಡ್‌ನಲ್ಲಿ ನನ್ನ ದನಿ ಕೊನೆಯ ಬೆಂಚಿಗೂ ಕೇಳುತ್ತಿತ್ತು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಮಾತು ಮೂಗಿನಿಂದ ಬರಲು ಶುರುವಾಗುತ್ತಿತ್ತು. "ಏನಂದ್ರಿ ಮಿಸ್?" ಅಂತ ಮಕ್ಕಳು ಕೇಳುತ್ತಿದ್ದರು. ಬೋರ್ಡಿನ ಮೇಲೆ ನಾನೇ ಬರೆದ ಒಂದು ಸಾಲು ಎರಡಾಗಿ ಕಾಣುತ್ತಿತ್ತು. ಒಂದು ಕಣ್ಣು ಮುಚ್ಚಿಕೊಂಡರೆ ಮತ್ತೆ ಒಂದೇ. ತಲೆ ಬಾಚುವಾಗ ಅರ್ಧಕ್ಕೇ ಕೈ ಇಳಿದುಬಿಡುತ್ತಿತ್ತು. ಊಟಕ್ಕೆ ಕೂತರೆ ಮೊದಲ ನಾಲ್ಕು ತುತ್ತು ಸಲೀಸು, ಆಮೇಲೆ ಗಲ್ಲದ ಕೆಳಗೆ ಕೈ ಕೊಟ್ಟು ದವಡೆ ಎತ್ತಿ ಅಗಿಯಬೇಕಿತ್ತು. ಮುಖ ತೊಳೆಯುವಾಗ ಎಷ್ಟು ಬಿಗಿಯಾಗಿ ಕಣ್ಣು ಮುಚ್ಚಿದರೂ ಸೋಪಿನ ನೊರೆ ಒಳಗೆ ಹೋಗಿ ಉರಿಯುತ್ತಿತ್ತು. ಕಣ್ಣು ಬಿಗಿಯಾಗಿ ಮುಚ್ಚುತ್ತಲೇ ಇರಲಿಲ್ಲ ಅನ್ನುವುದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ.

ಇಷ್ಟೆಲ್ಲಾ ಇದ್ದೂ ಯಾಕೆ ಗೊತ್ತಾಗಲಿಲ್ಲ? ನಾನು ಯಾವಾಗಲೂ ಬೆಳಿಗ್ಗೆ ಹೋಗುತ್ತಿದ್ದೆ. ಬೆಳಗಿನ ಟೋಕನ್, ಬೆಳಗಿನ ಸರದಿ, ಸರದಿ ಬರುವವರೆಗೆ ಬೆಂಚಿನ ಮೇಲೆ ಒಂದು ಗಂಟೆ ವಿಶ್ರಾಂತಿ. ಒಳಗೆ ಹೋಗುವ ಹೊತ್ತಿಗೆ ನಾನು ದಿನದಲ್ಲೇ ಅತಿ ಗಟ್ಟಿಯಾಗಿರುತ್ತಿದ್ದೆ. "ನನ್ನ ಬೆರಳು ಒತ್ತಿ" ಅಂದರೆ ಚೆನ್ನಾಗಿಯೇ ಒತ್ತುತ್ತಿದ್ದೆ. ಮೊಣಕಾಲಿಗೆ ಸುತ್ತಿಗೆ ತಟ್ಟಿದರೆ ಕಾಲು ಸರಿಯಾಗಿಯೇ ಒದೆಯುತ್ತಿತ್ತು. ಜೋಮು ಇಲ್ಲ, ನೋವಿಲ್ಲ. ಮಿದುಳಿನ ಎಂಆರ್‌ಐ ನಾರ್ಮಲ್. ಕಣ್ಣಿನವರು ಎರಡು ಸಲ ಕನ್ನಡಕ ಬದಲಾಯಿಸಿದರು. ಕೊನೆಗೆ ಒಬ್ಬರು ಬಹಳ ಪ್ರೀತಿಯಿಂದಲೇ ಹೇಳಿದರು: "ಎಲ್ಲಾ ನಾರ್ಮಲ್ ಇದೆ ಅಮ್ಮ, ಜಾಸ್ತಿ ಯೋಚನೆ ಮಾಡಬೇಡಿ." ನಿದ್ದೆಗೆ, ಮನಸ್ಸಿಗೆ ಅಂತ ಮಾತ್ರೆ ಬರೆದುಕೊಟ್ಟರು. ಮನಸ್ಸಿನ ಕಾಯಿಲೆಯನ್ನು ನಾನು ಕೀಳಾಗಿ ನೋಡುವವಳಲ್ಲ. ಆದರೆ ಇಲ್ಲದ ಕಾಯಿಲೆಯ ಹೆಸರು ಒಮ್ಮೆ ಅಂಟಿಕೊಂಡರೆ, ಇರುವ ಕಾಯಿಲೆಯನ್ನು ಹುಡುಕುವುದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ. ಮನೆಯವರು ಕೂಡ.

ಐದನೆಯ ಡಾಕ್ಟರ ಹತ್ತಿರ ಹೋದದ್ದು ಆಕಸ್ಮಿಕವಾಗಿ ಸಂಜೆ. ಅವರು ಫೈಲನ್ನು ಪಕ್ಕಕ್ಕಿಟ್ಟು, ತಮ್ಮ ಬೆರಳನ್ನು ನನ್ನ ಹಣೆಗಿಂತ ಮೇಲೆ ಹಿಡಿದರು. "ತಲೆ ಎತ್ತಬೇಡಿ. ಕಣ್ಣಿನಲ್ಲೇ ಇದನ್ನು ನೋಡ್ತಾ ಇರಿ. ಸಾಕು ಅನ್ನೋವರೆಗೂ ಬಿಡಬೇಡಿ" ಅಂದರು. ಗೋಡೆ ಗಡಿಯಾರದ ಸದ್ದು ಕೇಳಿಸುತ್ತಿತ್ತು. ಇಪ್ಪತ್ತು ಸೆಕೆಂಡಿಗೆ ಎಡಗಣ್ಣಿನ ರೆಪ್ಪೆ ಅದುರಿತು. ನಲವತ್ತಕ್ಕೆ ಅವರ ಬೆರಳು ಮರೆಯಾಗತೊಡಗಿತು. ಒಂದು ನಿಮಿಷ ತುಂಬುವ ಮೊದಲೇ ರೆಪ್ಪೆ ಅರ್ಧ ಪಾಪೆಯನ್ನು ಮುಚ್ಚಿತ್ತು.

ಆಮೇಲೆ ನರ್ಸಿಗೆ ಹೇಳಿ ಫ್ರಿಜ್ಜಿನಿಂದ ಐಸ್ ತರಿಸಿದರು. ರಬ್ಬರ್ ಗ್ಲೌಸಿನಲ್ಲಿ ತುಂಬಿ, ಬಟ್ಟೆ ಸುತ್ತಿ, ಮುಚ್ಚಿದ ರೆಪ್ಪೆಯ ಮೇಲೆ ಎರಡು ನಿಮಿಷ ಇಟ್ಟರು. ತೆಗೆದಾಗ ರೆಪ್ಪೆ ಮೇಲೆದ್ದಿತ್ತು. ಪುಟ್ಟ ಸ್ಕೇಲ್ ಹಿಡಿದು ಅಳೆದರು: 3 ಮಿಲಿಮೀಟರ್. "2 ಆದರೂ ಸಾಕಿತ್ತು" ಅಂದರು. ಕನ್ನಡಿ ಕೊಟ್ಟರು. 14 ತಿಂಗಳಲ್ಲಿ ನನ್ನ ಮಾತನ್ನು ನನ್ನ ಕಣ್ಣೇ ನನ್ನ ಪರವಾಗಿ ಹೇಳಿದ್ದು ಅದೇ ಮೊದಲು. ಅಲ್ಲೇ ಅತ್ತುಬಿಟ್ಟೆ.

ಆ ಪರೀಕ್ಷೆಗೆ ಬೇಕಾದದ್ದು ಒಂದು ಬೆರಳು, ಒಂದು ಹಿಡಿ ಐಸ್, ಮೂರು ನಿಮಿಷ. ಅಷ್ಟೇ, ಡಾಕ್ಟರೇ.

ಯಾಕೆ ಹೀಗಾಗುತ್ತೆ ಅನ್ನುವುದನ್ನು ನೀವು ಓದಿರುತ್ತೀರಿ. ಈ ಪತ್ರ ಓದುವ ರೋಗಿಗಳಿಗೂ ತಿಳಿಯಲಿ ಅಂತ ಹೇಳುತ್ತೇನೆ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಹೊರಬಂದು ಸ್ನಾಯುವಿನ ಮೇಲೆ ಅದನ್ನು ಹಿಡಿದುಕೊಳ್ಳಲು ಇರುವ ರಿಸೆಪ್ಟರ್‌ಗೆ ತಾಗಬೇಕು. ಆಗಲೇ ಸ್ನಾಯು ಎಳೆದುಕೊಳ್ಳುವುದು. ನಮ್ಮ ದೇಹವನ್ನು ಕಾಯಬೇಕಾದ ಪ್ರತಿಕಾಯಗಳೇ ತಪ್ಪಿ ಈ ರಿಸೆಪ್ಟರ್‌ಗಳ ಮೇಲೆ ಬಿದ್ದು ಅವನ್ನು ಹಾಳು ಮಾಡುತ್ತವೆ. ಎಲ್ಲರ ದೇಹದಲ್ಲೂ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ ನರದಿಂದ ಬರುವ ರಾಸಾಯನಿಕ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತೆ. ಬೇರೆಯವರಿಗೆ ರಿಸೆಪ್ಟರ್‌ಗಳು ಬೇಕಾದ್ದಕ್ಕಿಂತ ಜಾಸ್ತಿ ಇರುವುದರಿಂದ ಗೊತ್ತಾಗುವುದಿಲ್ಲ. ನಮಗೆ ಉಳಿದಿರುವುದೇ ಕಡಿಮೆ. ನರ ಕೂಗುತ್ತೆ, ಸ್ನಾಯುವಿಗೆ ಕೇಳಿಸುವುದಿಲ್ಲ. ತಣ್ಣಗಾದಾಗ ಆ ರಾಸಾಯನಿಕವನ್ನು ಒಡೆಯುವ ಕಿಣ್ವ ನಿಧಾನವಾಗುತ್ತೆ, ಅದಕ್ಕೇ ಐಸ್ ಇಟ್ಟರೆ ರೆಪ್ಪೆ ಏಳುವುದು.

ಇದೇ ಕಿಣ್ವವನ್ನು ತಡೆಯುವ ಮದ್ದನ್ನು 1934ರಲ್ಲಿ ಲಂಡನ್ನಿನ ಗ್ರೀನ್‌ವಿಚ್‌ನ ಸೇಂಟ್ ಆಲ್ಫೆಜ್ ಆಸ್ಪತ್ರೆಯಲ್ಲಿ ಮೇರಿ ವಾಕರ್ ಅನ್ನುವ ಡಾಕ್ಟರು ಈ ಕಾಯಿಲೆಗೆ ಕೊಟ್ಟು ನೋಡಿದರು. ಕ್ಯುರಾರೆ ವಿಷ ಹತ್ತಿದವರ ಬಲಹೀನತೆಗೂ ಈ ರೋಗಿಗಳ ಬಲಹೀನತೆಗೂ ಹೋಲಿಕೆ ಇದೆ, ಹಾಗಾದರೆ ಆ ವಿಷಕ್ಕೆ ಕೊಡುವ ಫೈಸೋಸ್ಟಿಗ್ಮಿನ್ ಇದಕ್ಕೂ ಆಗಬಹುದಲ್ವಾ ಅನ್ನುವುದು ಅವರ ಯೋಚನೆ. ಇಂಜೆಕ್ಷನ್ ಕೊಟ್ಟ ಮೇಲೆ ಜೋತುಬಿದ್ದ ರೆಪ್ಪೆ ಕೆಲವು ಗಂಟೆಗಳ ಕಾಲ ಎದ್ದು ನಿಂತಿತು. ಅವರು ದೊಡ್ಡ ಪ್ರೊಫೆಸರ್ ಆಗಿರಲಿಲ್ಲ, ಆಸ್ಪತ್ರೆಯಲ್ಲಿ ಸಹಾಯಕ ವೈದ್ಯೆ. ಅದನ್ನು ಲೋಕಕ್ಕೆ ತಿಳಿಸಿದ್ದೂ "ಲ್ಯಾನ್ಸೆಟ್" ಅನ್ನುವ ವೈದ್ಯಕೀಯ ಪತ್ರಿಕೆಗೆ ಬರೆದ ಒಂದು ಸಣ್ಣ ಪತ್ರದ ಮೂಲಕ. ನಾನು ಈಗ ಬೆಳಿಗ್ಗೆ ಎದ್ದ ಕೂಡಲೇ ನುಂಗುವ ಪೈರಿಡೋಸ್ಟಿಗ್ಮಿನ್ ಆ ಮದ್ದಿನದೇ ಬಳಗ. ಮಾತ್ರೆ ಕೈಗೆತ್ತಿಕೊಂಡಾಗಲೆಲ್ಲ ಅವರು ನೆನಪಾಗುತ್ತಾರೆ.

ಪರೀಕ್ಷೆಗಳ ವಿಷಯದಲ್ಲಿ ನನ್ನದೊಂದು ಬೇಡಿಕೆ ಇದೆ. ರಕ್ತದಲ್ಲಿ ಅಸಿಟೈಲ್‌ಕೋಲಿನ್ ರಿಸೆಪ್ಟರ್ ವಿರುದ್ಧದ ಪ್ರತಿಕಾಯ ಸಿಗಲಿಲ್ಲ ಅಂದಮಾತ್ರಕ್ಕೆ ಬಾಗಿಲು ಮುಚ್ಚಬೇಡಿ. ಮೈಗೆಲ್ಲಾ ಹರಡಿದ ಮಯಸ್ತೇನಿಯಾದಲ್ಲಿ 100ಕ್ಕೆ ಸುಮಾರು 85 ಜನರಲ್ಲಿ ಅದು ಸಿಗುತ್ತೆ. ಕಣ್ಣಿಗಷ್ಟೇ ಸೀಮಿತವಾಗಿದ್ದರೆ ಹೆಚ್ಚುಕಮ್ಮಿ ಅರ್ಧದಷ್ಟು ಜನರಲ್ಲಿ ಮಾತ್ರ. 2001ರಲ್ಲಿ ಸ್ನಾಯುವಿನ ಮಸ್ಕ್ ಅನ್ನುವ ಪ್ರೋಟೀನಿನ ವಿರುದ್ಧದ ಇನ್ನೊಂದು ಪ್ರತಿಕಾಯ ಪತ್ತೆಯಾಯಿತು. ಅದಿರುವವರಿಗೆ ಮಾತು, ನುಂಗುವುದು, ಕತ್ತು, ಉಸಿರು ಹೆಚ್ಚು ತೊಂದರೆ ಕೊಡುತ್ತವೆ, ಪೈರಿಡೋಸ್ಟಿಗ್ಮಿನ್ ಅಷ್ಟಾಗಿ ಹಿಡಿಸುವುದಿಲ್ಲ, ರಿಟುಕ್ಸಿಮ್ಯಾಬ್ ಅನ್ನುವ ಮದ್ದು ಚೆನ್ನಾಗಿ ಕೆಲಸ ಮಾಡುತ್ತೆ. ಎರಡೂ ಸಿಗದವರೂ ಇದ್ದಾರೆ. ಅವರಿಗೆ ನರವನ್ನು ಸೆಕೆಂಡಿಗೆ ಎರಡು ಮೂರು ಸಲ ಕರೆಂಟಿನಿಂದ ತಟ್ಟಿ ನೋಡುವ ಪರೀಕ್ಷೆ ಇದೆ. ಸ್ನಾಯುವಿನ ಉತ್ತರ 10 ಪರ್ಸೆಂಟಿಗಿಂತ ಜಾಸ್ತಿ ಕುಗ್ಗಿದರೆ ಸುಳಿವು ಸಿಕ್ಕಂತೆ. ಅದೂ ಸಾಲದಿದ್ದರೆ ಸ್ನಾಯುವಿನ ಒಂದೊಂದೇ ಎಳೆಯನ್ನು ಸೂಜಿಯಿಂದ ನೋಡುವ ಸಿಂಗಲ್ ಫೈಬರ್ ಇಎಂಜಿ ಪರೀಕ್ಷೆ. ಕಾಯಿಲೆ ಖಚಿತವಾದ ಎಲ್ಲರಿಗೂ ಎದೆಯ ಸಿಟಿ ಸ್ಕ್ಯಾನ್ ಆಗಲೇಬೇಕು. 100ರಲ್ಲಿ 10ರಿಂದ 15 ಜನರಿಗೆ ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಗಡ್ಡೆ ಇರುತ್ತೆ.

ಇವೆಲ್ಲ ನ್ಯೂರಾಲಜಿಸ್ಟ್ ನೋಡಿಕೊಳ್ಳುವ ಕೆಲಸ. ನಿಮ್ಮಿಂದ ನಾನು ಕೇಳುವುದು ಅದಕ್ಕೂ ಮೊದಲಿನದು. "ಯಾವ ಹೊತ್ತಿನಲ್ಲಿ ಜಾಸ್ತಿ?" ಅಂತ ಕೇಳಿ. "ಸ್ವಲ್ಪ ಮಲಗಿ ಎದ್ದರೆ ಸರಿ ಹೋಗುತ್ತಾ?" ಅಂತ ಕೇಳಿ. ಕಣ್ಣಿಗೆ ಎರಡೆರಡು ಕಾಣುತ್ತಾ, ನೀರು ಮೂಗಿಗೆ ಬರುತ್ತಾ, ಮಾತನಾಡುತ್ತಾ ಹೋದಂತೆ ದನಿ ಬದಲಾಗುತ್ತಾ ಅಂತ ಕೇಳಿ. ಮಲಗಿಸಿ ತಲೆ ಎತ್ತಿ ಹಿಡಿಯಲು ಹೇಳಿ, ಕತ್ತು ಸೋಲುತ್ತಾ ನೋಡಿ. ಜೋರಾಗಿ ಒಂದರಿಂದ ಐವತ್ತರವರೆಗೆ ಎಣಿಸಲು ಹೇಳಿ, ಕೊನೆಯ ಹತ್ತು ಅಂಕಿಗಳು ಮೊದಲ ಹತ್ತರ ಹಾಗೇ ಕೇಳಿಸುತ್ತವಾ ಗಮನಿಸಿ. ಬೆಳಿಗ್ಗೆ ಏನೂ ಕಾಣದಿದ್ದರೆ "ಸಂಜೆ ಮನೆಯಲ್ಲಿ ಮುಖದ ವಿಡಿಯೋ ಮಾಡಿಕೊಂಡು ಬನ್ನಿ" ಅನ್ನಿ. ಈಗ ಎಲ್ಲರ ಕೈಯಲ್ಲೂ ಫೋನಿದೆ. ನನಗೆ ಯಾರಾದರೂ ಈ ಒಂದು ಮಾತು ಹೇಳಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ಒಂದು ಎಚ್ಚರಿಕೆ ಮಾತ್ರ: ಮಯಸ್ತೇನಿಯಾದಲ್ಲಿ ಪಾಪೆ ಕೆಡುವುದಿಲ್ಲ. ರೆಪ್ಪೆ ಇಳಿದು ಪಾಪೆಯೂ ದೊಡ್ಡದಾಗಿದ್ದರೆ ಅದು ಬೇರೆ ವಿಷಯ, ಅದಕ್ಕೆ ಕಾಯುವಂತಿಲ್ಲ.

ಚಿಕಿತ್ಸೆಯ ಬಗ್ಗೆ ರೋಗಿಗಳಿಗೆ ಯಾರೂ ಮೊದಲೇ ಹೇಳದ ಕೆಲವು ಸಂಗತಿಗಳಿವೆ. ಪೈರಿಡೋಸ್ಟಿಗ್ಮಿನ್ ಮೂರು ನಾಲ್ಕು ಗಂಟೆ ಕೆಲಸ ಮಾಡಿ ಇಳಿದುಹೋಗುತ್ತೆ, ಬೇರನ್ನು ಮುಟ್ಟುವುದಿಲ್ಲ. ಹೊಟ್ಟೆ ಹಿಂಡುತ್ತೆ, ಭೇದಿ ಆಗುತ್ತೆ, ಬಾಯಲ್ಲಿ ನೀರೂರುತ್ತೆ. ಬೇರಿಗೆ ಹೋಗುವುದು ಸ್ಟೀರಾಯ್ಡ್. ಆದರೆ ಜಾಸ್ತಿ ಡೋಸಿನಲ್ಲಿ ಒಮ್ಮೆಗೇ ಶುರು ಮಾಡಿದರೆ ಮೊದಲ ಎರಡು ವಾರಗಳಲ್ಲಿ ಕೆಲವರ ಬಲಹೀನತೆ ಏರಿಬಿಡುತ್ತೆ. ಇದನ್ನು ಮೊದಲೇ ಹೇಳದಿದ್ದರೆ ರೋಗಿ ಹೆದರಿ ಮಾತ್ರೆ ಬಿಟ್ಟುಬಿಡುತ್ತಾನೆ. ಸ್ಟೀರಾಯ್ಡನ್ನು ತಟ್ಟನೆ ನಿಲ್ಲಿಸುವುದು ಅದಕ್ಕಿಂತ ಅಪಾಯ. ಸ್ಟೀರಾಯ್ಡ್ ಕಡಿಮೆ ಮಾಡಲು ಅಂತ ಕೊಡುವ ಅಜಥಯೋಪ್ರಿನ್ ಫಲ ಕೊಡಲು ತಿಂಗಳುಗಳು ಬೇಕು, ಕೆಲವರಿಗೆ ಒಂದು ವರ್ಷವೂ ಆಗುತ್ತೆ. "ಮೂರು ತಿಂಗಳಾದರೂ ಏನೂ ಆಗಲಿಲ್ಲ" ಅಂತ ಅದನ್ನು ಬಿಟ್ಟವರನ್ನು ನಾನು ಬಲ್ಲೆ. ಗಡ್ಡೆ ಇಲ್ಲದಿದ್ದರೂ ಥೈಮಸ್ ತೆಗೆಯುವುದರಿಂದ ಉಪಯೋಗ ಇದೆಯೇ ಅನ್ನುವ ಚರ್ಚೆ ದಶಕಗಳ ಕಾಲ ನಡೆದಿತ್ತು. 2016ರಲ್ಲಿ ಬಂದ, 126 ರೋಗಿಗಳ ಒಂದು ಅಧ್ಯಯನದಲ್ಲಿ ಥೈಮಸ್ ತೆಗೆಸಿಕೊಂಡವರು ಮೂರು ವರ್ಷಗಳ ಉದ್ದಕ್ಕೂ ಹೆಚ್ಚು ಗಟ್ಟಿಯಾಗಿದ್ದರು, ಸ್ಟೀರಾಯ್ಡೂ ಕಡಿಮೆ ಸಾಕಾಯಿತು. ನಾನೂ ತೆಗೆಸಿಕೊಂಡೆ.

ಈಗ ನನ್ನ ಬದುಕಿನ ಅತಿ ಕೆಟ್ಟ ವಾರದ ಬಗ್ಗೆ ಹೇಳಬೇಕು. ಕಾಯಿಲೆ ಪತ್ತೆಯಾಗಿ ಐದು ತಿಂಗಳಾಗಿತ್ತು. ಮೂತ್ರದ ಸೋಂಕು, ಚಳಿ ಜ್ವರ. ರಾತ್ರಿ ಒಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದೆವು. ನಮ್ಮ ನ್ಯೂರಾಲಜಿಸ್ಟ್ ಬರೆದುಕೊಟ್ಟ ಚೀಟಿ ಪರ್ಸಿನಲ್ಲಿತ್ತು: ಯಾವ ಔಷಧಿ ಕೊಡಬಾರದು ಅನ್ನುವ ಪಟ್ಟಿ. ತೋರಿಸಿದೆ. "ಅದು ಕಣ್ಣಿನ ಕಾಯಿಲೆ ಅಲ್ವಾ, ಅದಕ್ಕೂ ಇದಕ್ಕೂ ಏನು ಸಂಬಂಧ?" ಅಂದರು. ಪಟ್ಟಿಯ ಎರಡನೇ ಸಾಲಿನಲ್ಲಿದ್ದ ಸಿಪ್ರೊಫ್ಲಾಕ್ಸಾಸಿನ್ ಅನ್ನೇ ಡ್ರಿಪ್ಪಿನಲ್ಲಿ ಹಾಕಿದರು. ಮರುದಿನ ಮಧ್ಯಾಹ್ನಕ್ಕೆ ದಿಂಬಿನಿಂದ ತಲೆ ಎತ್ತಲಾಗಲಿಲ್ಲ. ಸಂಜೆಗೆ ಜೊಲ್ಲು ನುಂಗಲಾಗಲಿಲ್ಲ. ಸೋಂಕೊಂದೇ ಸಾಕಿತ್ತು ನನ್ನನ್ನು ಬೀಳಿಸಲು, ಅದು ನನಗೆ ಗೊತ್ತು. ಎಷ್ಟು ಪಾಲು ಜ್ವರದ್ದು, ಎಷ್ಟು ಪಾಲು ಔಷಧಿಯದ್ದು ಅಂತ ತೂಕ ಹಾಕಿ ಹೇಳಲಾರೆ. ಆದರೆ ಬೇರೆ ಆಂಟಿಬಯಾಟಿಕ್ ಇತ್ತು, ಚೀಟಿಯೂ ಇತ್ತು.

ಆಮೇಲೆ ಆದದ್ದು ನಿಮಗೆ ಮುಖ್ಯ. ಉಸಿರು ಸಾಲುತ್ತಿಲ್ಲ ಅಂತ ಕೈಸನ್ನೆ ಮಾಡಿದೆ. ಬೆರಳಿಗೆ ಕ್ಲಿಪ್ ಹಾಕಿ ನೋಡಿದರು, 98 ಇತ್ತು. "ಆಕ್ಸಿಜನ್ ಚೆನ್ನಾಗಿದೆ, ಗಾಬರಿ ಆಗಬೇಡಿ" ಅಂದರು. ನಮ್ಮ ಕಾಯಿಲೆಯಲ್ಲಿ ಶ್ವಾಸಕೋಶ ಚೆನ್ನಾಗಿರುತ್ತೆ, ಅದನ್ನು ಹಿಗ್ಗಿಸುವ ಸ್ನಾಯು ಸೋಲುತ್ತಿರುತ್ತೆ. ಆಕ್ಸಿಜನ್ ಅಂಕಿ ಕುಸಿಯುವುದು ಎಲ್ಲಕ್ಕಿಂತ ಕೊನೆಗೆ. ಅಷ್ಟರಲ್ಲಿ ಹೊತ್ತು ಮೀರಿರುತ್ತೆ. ಪಾಳಿ ಬದಲಾಗಿ ಬಂದ ಒಬ್ಬ ಕಿರಿಯ ಡಾಕ್ಟರು ಮಾತ್ರ, "ಒಂದೇ ಉಸಿರಿನಲ್ಲಿ ಎಷ್ಟಾಗುತ್ತೋ ಅಷ್ಟು ಎಣಿಸಿ ಮೇಡಂ" ಅಂದರು. ಹನ್ನೊಂದಕ್ಕೆ ನಿಂತುಹೋಯಿತು. ಆರೋಗ್ಯವಾಗಿರುವವರು ನಲವತ್ತು ಐವತ್ತು ಎಣಿಸುತ್ತಾರೆ. ಇಪ್ಪತ್ತರೊಳಗೆ ನಿಂತರೆ ಎಚ್ಚರವಾಗಬೇಕು. ಅವರು ಅಲ್ಲಿಂದ ಓಡಿಹೋಗಿ ಐಸಿಯುಗೆ ಫೋನ್ ಮಾಡಿದರು. ಒಂಬತ್ತು ದಿನ ವೆಂಟಿಲೇಟರ್, ಐದು ಸಲ ಪ್ಲಾಸ್ಮಾ ಎಕ್ಸ್‌ಚೇಂಜ್, ಅಂದರೆ ಪ್ರತಿಕಾಯ ತುಂಬಿದ ರಕ್ತದ ದ್ರವವನ್ನು ತೆಗೆದು ಬೇರೆ ದ್ರವ ತುಂಬುವುದು. ಮಯಸ್ತೇನಿಯಾ ಇರುವ 100 ಜನರಲ್ಲಿ 15ರಿಂದ 20 ಜನ ಎಂದಾದರೂ ಒಮ್ಮೆ ಇಂಥ ಕ್ರೈಸಿಸ್ ನೋಡುತ್ತಾರೆ. ನಾನು ಉಳಿದದ್ದು ಆ ಹುಡುಗ ಎಣಿಸಲು ಹೇಳಿದ್ದಕ್ಕೆ.

ಹಾಗಾಗಿ ಕೊಡಬಾರದ ಔಷಧಿಗಳ ಆ ಪಟ್ಟಿಯನ್ನು ಇಲ್ಲಿ ಬರೆದೇಬಿಡುತ್ತೇನೆ. ಜೆಂಟಾಮೈಸಿನ್‌ನಂಥ ಅಮಿನೋಗ್ಲೈಕೋಸೈಡ್ ಆಂಟಿಬಯಾಟಿಕ್‌ಗಳು. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್. ಅಜಿಥ್ರೊಮೈಸಿನ್ ಬಳಗ. ಮಲೇರಿಯಾಕ್ಕೆ, ಕಾಲಿನ ಸೆಳೆತಕ್ಕೆ ಕೊಡುವ ಕ್ವಿನೈನ್. ಬಿಪಿಗೆ, ಎದೆ ಡವಡವ ಅನ್ನುವುದಕ್ಕೆ ಕೊಡುವ ಬೀಟಾ ಬ್ಲಾಕರ್. ಮುಖದ ಸುಕ್ಕಿಗೆ ಹಾಕುವ ಬೊಟುಲಿನಮ್ ಇಂಜೆಕ್ಷನ್. ಎಲ್ಲಕ್ಕಿಂತ ಜೋರಾಗಿ ಹೇಳಬೇಕಾದದ್ದು ರಕ್ತನಾಳಕ್ಕೆ ಕೊಡುವ ಮೆಗ್ನೀಷಿಯಂ. ಗರ್ಭಿಣಿಯರಿಗೆ ಬಿಪಿ ಏರಿದಾಗ ಕೈ ತಾನಾಗಿಯೇ ಅದರ ಕಡೆ ಹೋಗುತ್ತೆ, ಅದಕ್ಕೇ ಹೇಳುತ್ತಿದ್ದೇನೆ. ಇವುಗಳಲ್ಲಿ ಕೆಲವನ್ನು ಬೇರೆ ದಾರಿ ಇಲ್ಲದಾಗ ಕಣ್ಣಿಟ್ಟು ಕೊಡಬೇಕಾಗಬಹುದು. ಜೀವಕ್ಕೇ ಬಂದಾಗ ಯಾರೂ ಬೇಡ ಅನ್ನುವುದಿಲ್ಲ. ಆದರೆ ಗೊತ್ತಿದ್ದು ಕೊಡುವುದಕ್ಕೂ ಗೊತ್ತಿಲ್ಲದೆ ಕೊಡುವುದಕ್ಕೂ ಅಜಗಜಾಂತರ. ಆಪರೇಷನ್ ಇದ್ದರೆ ಅರಿವಳಿಕೆ ಡಾಕ್ಟರಿಗೆ ಮೊದಲೇ ತಿಳಿಸಿ. ಸ್ನಾಯು ಸಡಿಲಿಸುವ ಮದ್ದು ನಮ್ಮ ಮೇಲೆ ಬೇರೆಯದೇ ಥರ ಕೆಲಸ ಮಾಡುತ್ತೆ.

ಇಲ್ಲಿಯವರೆಗೆ ನನ್ನ ಕಾಯಿಲೆಯ ಬಗ್ಗೆಯೇ ಹೇಳಿದೆ. ಐಸಿಯುನಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿದ್ದ ಹುಡುಗನದು ಬೇರೆ ಕಥೆ, ಆದರೆ ಒಂದೇ ಮನೆತನ. ಗಿಲಾನ್ ಬಾರೆ ಸಿಂಡ್ರೋಮ್, ನೀವು ಜಿಬಿಎಸ್ ಅನ್ನುತ್ತೀರಿ. ಇಲ್ಲಿ ದೇಹದ ಕಾವಲು ವ್ಯವಸ್ಥೆ ತಪ್ಪಿ ಬೀಳುವುದು ನರಗಳ ಮೇಲೆ. ಹತ್ತು ದಿನ ಮೊದಲು ಅವನಿಗೆ ಭೇದಿಯಾಗಿತ್ತು. ಆಮೇಲೆ ಪಾದಗಳಲ್ಲಿ ಜೋಮು, ಬೆನ್ನುನೋವು. ಮೊದಲ ದಿನ ಮೆಟ್ಟಿಲು ಹತ್ತಲಾಗಲಿಲ್ಲ, ಮೂರನೇ ದಿನ ಎದ್ದು ನಿಲ್ಲಲಾಗಲಿಲ್ಲ. ನಡುವೆ ಅವನಿಗೆ ಸಿಕ್ಕಿದ್ದು ವಿಟಮಿನ್ ಇಂಜೆಕ್ಷನ್. ಅವನ ಮೊಣಕಾಲಿಗೆ ಆ ದಿನ ಯಾರಾದರೂ ಸುತ್ತಿಗೆ ತಟ್ಟಿದ್ದರೆ ಕಾಲು ಒದೆಯುತ್ತಿರಲಿಲ್ಲ ಅಂತ ಅವನ ಅಮ್ಮ ಇವತ್ತಿಗೂ ಹೇಳುತ್ತಾರೆ. ಅವರಿಗೆ ಅದನ್ನು ಹೇಳಿಕೊಟ್ಟದ್ದು ಆಮೇಲೆ ಸಿಕ್ಕ ನ್ಯೂರಾಲಜಿಸ್ಟ್.

1916ರಲ್ಲಿ ಗಿಲಾನ್, ಬಾರೆ, ಸ್ಟ್ರೋಲ್ ಅನ್ನುವ ಮೂವರು ವೈದ್ಯರು ವಿವರಿಸಿದ ಕಾಯಿಲೆ ಇದು. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತೆ. ಬೆನ್ನುಹುರಿಯ ನೀರಿನಲ್ಲಿ ಪ್ರೋಟೀನ್ ಏರಿರುತ್ತೆ, ಬಿಳಿ ರಕ್ತಕಣಗಳು ಏರಿರುವುದಿಲ್ಲ. ಆದರೆ ಮೊದಲ ವಾರದಲ್ಲಿ ಆ ನೀರು ನಾರ್ಮಲ್ ಇರಬಹುದು. ನಾರ್ಮಲ್ ಬಂತು ಅಂತ ಮನೆಗೆ ಕಳಿಸಬೇಡಿ. ಇಲ್ಲಿ ಸ್ಟೀರಾಯ್ಡ್ ಉಪಯೋಗಕ್ಕೆ ಬರುವುದಿಲ್ಲ. ಕೆಲಸ ಮಾಡುವುದು ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಡ್ರಿಪ್) ಇಲ್ಲವೇ ಪ್ಲಾಸ್ಮಾ ಎಕ್ಸ್‌ಚೇಂಜ್, ಎರಡರ ಫಲವೂ ಒಂದೇ. ಐವಿಐಜಿ ಆದರೆ ತೂಕದ ಪ್ರತಿ ಕೆಜಿಗೆ ದಿನಕ್ಕೆ 0.4 ಗ್ರಾಂನಂತೆ ಐದು ದಿನ, ಅದೂ ಮೊದಲ ಎರಡು ವಾರಗಳ ಒಳಗೆ. ನಾಲ್ಕೈದು ಜನರಲ್ಲಿ ಒಬ್ಬರಿಗೆ ವೆಂಟಿಲೇಟರ್ ಬೇಕಾಗುತ್ತೆ. ಬಿಪಿ, ಎದೆಬಡಿತ ಹುಚ್ಚಾಪಟ್ಟೆ ಏರಿಳಿಯುತ್ತೆ. ಆ ಹುಡುಗ ಈಗ ನಡೆಯುತ್ತಾನೆ. ಪಾದ ಸ್ವಲ್ಪ ಎಳೆಯುತ್ತಾನೆ, ಅಷ್ಟೇ.

ಬಲಹೀನತೆ ಎರಡು ತಿಂಗಳು ದಾಟಿಯೂ ಏರುತ್ತಲೇ ಇದ್ದರೆ ಅದು ಜಿಬಿಎಸ್ ಅಲ್ಲ, ಅದರಂತೆಯೇ ಆದರೆ ದೀರ್ಘಕಾಲ ಕಾಡುವ ಸಿಐಡಿಪಿ ಅನ್ನುವ ನರದ ಕಾಯಿಲೆ ಇರಬಹುದು. ಅದಕ್ಕೆ ಸ್ಟೀರಾಯ್ಡ್ ಹಿಡಿಸುತ್ತೆ. ಒಂದೇ ಕೈ ಸೊರಗುತ್ತಾ, ಮಣಿಕಟ್ಟು ಜೋತುಬಿದ್ದು, ಜೋಮು ಮಾತ್ರ ಇಲ್ಲದಿದ್ದರೆ "ಮೋಟಾರ್ ನ್ಯೂರಾನ್ ಕಾಯಿಲೆ, ಏನೂ ಮಾಡೋಕಾಗಲ್ಲ" ಅನ್ನುವ ಮುಂಚೆ ನರದ ಪರೀಕ್ಷೆಯಲ್ಲಿ ಕಂಡಕ್ಷನ್ ಬ್ಲಾಕ್ (ನರದ ಸಂಕೇತ ನಡುದಾರಿಯಲ್ಲೇ ನಿಲ್ಲುವುದು) ಇದೆಯಾ ಅಂತ ಹುಡುಕಿಸಿ. ಇದ್ದರೆ ಅದು ಮಲ್ಟಿಫೋಕಲ್ ಮೋಟಾರ್ ನ್ಯೂರೋಪತಿ. ಐವಿಐಜಿಗೆ ಕೈ ಮತ್ತೆ ಏಳುತ್ತೆ. ಇದೇ ಕಾಯಿಲೆಗೆ ಸ್ಟೀರಾಯ್ಡ್ ಕೊಟ್ಟರೆ ಹೆಚ್ಚಾಗಬಹುದು. ನೋಡಿ, ಅಕ್ಕಪಕ್ಕದ ಎರಡು ಕಾಯಿಲೆ, ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಪೆಟ್ಟು. "ಯಾವುದೋ ನರದ ತೊಂದರೆ, ಸ್ಟೀರಾಯ್ಡ್ ಕೊಟ್ಟು ನೋಡೋಣ" ಅನ್ನುವುದು ಇದಕ್ಕೇ ಸಲ್ಲದು.

ಬಾಯಿ ಒಣಗಿ, ತೊಡೆ ಸೋತು, ಸಿಗರೇಟು ಸೇದುವವರು ಬಂದರೆ ನರ ಮತ್ತು ಸ್ನಾಯು ಸೇರುವ ಜಾಗದ್ದೇ ಇನ್ನೊಂದು ಕಾಯಿಲೆ, ಲ್ಯಾಂಬರ್ಟ್ ಈಟನ್ ನೆನಪಿರಲಿ. ಆ ಕಾಯಿಲೆ ಇರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಶ್ವಾಸಕೋಶದ ಸ್ಮಾಲ್ ಸೆಲ್ ಕ್ಯಾನ್ಸರ್ ಅಡಗಿರುತ್ತೆ, ಎಷ್ಟೋ ಸಲ ಬಲಹೀನತೆಯೇ ಅದರ ಮೊದಲ ಸುಳಿವು.

ಸ್ನಾಯುವೇ ಉರಿಯುವ ಮಯೋಸೈಟಿಸ್ ಬಗ್ಗೆ ಒಂದೇ ವಿಷಯ. ಎಎಸ್‌ಟಿ, ಎಎಲ್‌ಟಿ ಅನ್ನುವ ಕಿಣ್ವಗಳು ರಕ್ತದಲ್ಲಿ ಏರಿದ ಕೂಡಲೇ ಎಲ್ಲರೂ ಲಿವರ್ ಅನ್ನುತ್ತಾರೆ. ಅವೆರಡೂ ಸ್ನಾಯುವಿನಲ್ಲೂ ಇವೆ. ನಮ್ಮ ರೋಗಿಗಳ ಗುಂಪಿನಲ್ಲಿರುವ ಒಬ್ಬರು ಏಳು ತಿಂಗಳು ಲಿವರ್ ಮಾತ್ರೆ ನುಂಗಿದರು. ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕಿತ್ತು, ಮೇಲಿನ ಅಟ್ಟದಿಂದ ಪಾತ್ರೆ ಇಳಿಸಲಾಗುತ್ತಿರಲಿಲ್ಲ, ಬೆರಳ ಗೆಣ್ಣುಗಳ ಮೇಲೆ ಕೆಂಪು ದದ್ದು ಎದ್ದಿತ್ತು. ಕೊನೆಗೆ ಸ್ನಾಯು ಹಾಳಾದರೆ ಏರುವ ಸಿಪಿಕೆ ಅನ್ನುವ ರಕ್ತಪರೀಕ್ಷೆ ಮಾಡಿಸಿದಾಗ ಸಾವಿರಗಟ್ಟಲೆ ಬಂತು. ಕೊಲೆಸ್ಟ್ರಾಲಿಗೆ ಸ್ಟ್ಯಾಟಿನ್ ತೆಗೆದುಕೊಳ್ಳುವವರ ತೊಡೆ ಸೋತು, ಮಾತ್ರೆ ನಿಲ್ಲಿಸಿದರೂ ಸರಿಹೋಗದಿದ್ದರೆ ಅಲ್ಲಿಗೆ ಬಿಡಬೇಡಿ. ಅದೂ ಪ್ರತಿಕಾಯದ ಕಾಯಿಲೆ ಆಗಿರಬಹುದು, ಅದಕ್ಕೂ ಚಿಕಿತ್ಸೆ ಇದೆ.

ಆಸ್ಪತ್ರೆ ನಡೆಸುವವರೇ, ಯಾವ ಔಷಧಿ ತರಿಸಬೇಕು ಅಂತ ಪಟ್ಟಿ ಮಾಡುವವರೇ, ಇನ್ನು ನಿಮ್ಮ ಹತ್ತಿರ ಕೆಲವು ಮಾತು. ಪೈರಿಡೋಸ್ಟಿಗ್ಮಿನ್ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಇದು ಹಳೆಯ ಮದ್ದು, ಹೊಸ ಸಂಶೋಧನೆ ಏನೂ ಬೇಕಿಲ್ಲ. "ಸ್ಟಾಕ್ ಇಲ್ಲ, ಸೋಮವಾರ ಬನ್ನಿ" ಅನ್ನುವ ಮಾತ್ರೆ ಇದಲ್ಲ. ಶನಿವಾರ ಮಧ್ಯಾಹ್ನ ಮುಗಿದರೆ ಭಾನುವಾರ ನಾವು ಊಟ ನುಂಗಲಾರೆವು. ತುರ್ತು ವಿಭಾಗದಲ್ಲಿ ಊದಿದ ಗಾಳಿಯನ್ನು ಅಳೆಯುವ, ಕೈಯಲ್ಲಿ ಹಿಡಿಯುವ ಸ್ಪೈರೋಮೀಟರ್ ಒಂದಿರಲಿ, ಅದರ ಪಕ್ಕದಲ್ಲೇ ಗೋಡೆಗೆ ಬರೆದು ಅಂಟಿಸಿ: ತೂಕದ ಪ್ರತಿ ಕೆಜಿಗೆ 20 ಮಿಲಿಲೀಟರ್‌ಗಿಂತ ಕಡಿಮೆ ಊದಿದರೆ, ಅಂದರೆ 50 ಕೆಜಿಯವರು 1 ಲೀಟರ್ ಮುಟ್ಟದಿದ್ದರೆ, ಐಸಿಯುಗೆ. ಪ್ರತಿಕಾಯ ಪರೀಕ್ಷೆಗೆ ರೋಗಿಯನ್ನೇ ದೂರದ ಊರಿಗೆ ಕಳಿಸಬೇಡಿ, ರಕ್ತವನ್ನು ಕಳಿಸಿ. ಐವಿಐಜಿ ಕೈಗೆಟುಕದ ಕಡೆ ಪ್ಲಾಸ್ಮಾ ಎಕ್ಸ್‌ಚೇಂಜ್ ಮಾಡಬಲ್ಲ ಒಂದು ಯಂತ್ರ, ಅದನ್ನು ರಾತ್ರಿಯೂ ನಡೆಸಬಲ್ಲ ಇಬ್ಬರು ಸಿಬ್ಬಂದಿ ಇದ್ದರೆ ಎಷ್ಟು ಜೀವ ಉಳಿಯುತ್ತವೆ ಅನ್ನುವುದನ್ನು ಐದು ಸಲ ಆ ಯಂತ್ರದ ಪಕ್ಕ ಮಲಗಿದವಳಾಗಿ ಹೇಳುತ್ತಿದ್ದೇನೆ. 2017ರಿಂದ ಎಕುಲಿಜುಮ್ಯಾಬ್, 2021ರಿಂದ ಎಫ್‌ಗಾರ್ಟಿಜಿಮಾಡ್‌ನಂಥ ಹೊಸ ಮದ್ದುಗಳು ಬಂದಿವೆ. ಅವು ಎಲ್ಲರಿಗೂ ಸಿಗುವ ದಿನ ಬರಲಿ ಅಂತ ಆಸೆ ಇದೆ. ಆದರೆ ಹಳೆಯ ಮಾತ್ರೆಯೇ ಅಂಗಡಿಯಲ್ಲಿಲ್ಲದ ಕಡೆ ಅವುಗಳ ಮಾತು ಎತ್ತಲು ಮನಸ್ಸು ಬರುವುದಿಲ್ಲ.

ನಾನು ಈಗ ಮತ್ತೆ ಪಾಠ ಹೇಳುತ್ತಿದ್ದೇನೆ. ಮುಖ್ಯೋಪಾಧ್ಯಾಯರು ನನ್ನ ತರಗತಿಗಳನ್ನೆಲ್ಲ ಬೆಳಗಿನ ಹೊತ್ತಿಗೆ ಹಾಕಿಕೊಟ್ಟಿದ್ದಾರೆ. ಮಾತ್ರೆ ಮುಗಿಯುವ ಹೊತ್ತು ಮಕ್ಕಳಿಗೇ ನನಗಿಂತ ಚೆನ್ನಾಗಿ ಗೊತ್ತಾಗುತ್ತೆ, ದನಿ ಇಳಿದ ಕೂಡಲೇ ಮುಂದಿನ ಬೆಂಚಿನವಳು ನನ್ನ ನೀರಿನ ಬಾಟಲಿ ತಂದಿಡುತ್ತಾಳೆ. ಚೀಟಿ ಈಗಲೂ ಪರ್ಸಿನಲ್ಲೇ ಇದೆ. ಒದ್ದೆಯಾಗದಿರಲಿ ಅಂತ ಲ್ಯಾಮಿನೇಟ್ ಮಾಡಿಸಿದ್ದೇನೆ. ಅದರ ಇನ್ನೊಂದು ಬದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ: "ನನಗೆ ಮಾತನಾಡಲು ಆಗದಿದ್ದರೆ, ಒಂದೇ ಉಸಿರಿನಲ್ಲಿ ಎಷ್ಟು ಬೆರಳು ಮಡಚುತ್ತೇನೆ ಎಣಿಸಿ."

ನನ್ನಂಥವರು ಯಾರಾದರೂ ನಿಮ್ಮ ಮುಂದೆ ಬಂದು ಇಂಥ ಚೀಟಿ ಕೊಟ್ಟರೆ, ಡಾಕ್ಟರೇ, ದಯವಿಟ್ಟು ಎರಡೂ ಬದಿ ಓದಿ.

ಇಂತಿ,
ಮಯಸ್ತೇನಿಯಾ ಇರುವ ಒಬ್ಬ ಶಿಕ್ಷಕಿ